ಸಿಗಾರ್ ಡಬ್ಬಿಗೆ ಮೂರು ತಂತಿ

ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿ ನಮ್ಮ ಪಕ್ಕದ ಮನೆಯವರು ಮರಗೆಲಸ ಮಾಡಿ ನಿವೃತ್ತರಾದವರು. ಕಳೆದ ಬೇಸಿಗೆಯ ಒಂದು ಶನಿವಾರ, ಸಿಗಾರ್ ಅಂಗಡಿಯಿಂದ ಖಾಲಿ ಡಬ್ಬಿ ತಂದು, ಗಿಟಾರ್ ಮಾಡೋಣ ಬಾ ಅಂತ ಗ್ಯಾರೇಜಿಗೆ ಕರೆದರು. ನಾನು ಹೋಗಿದ್ದು ಸುಮ್ನೆ ನೋಡೋಕೆ. ಸ್ವಲ್ಪ ಹೊತ್ತಿಗೆ ಗರಗಸ ನನ್ನ ಕೈಗೇ ಬಂತು.

ಈ ವಾದ್ಯ ಹುಟ್ಟಿದ್ದರ ಹಿಂದೆ ತೆರಿಗೆ ಇಲಾಖೆಯ ಕೈವಾಡವೂ ಇದೆ! 1860ರ ದಶಕದಲ್ಲಿ, ಅಂತರ್ಯುದ್ಧದ ಖರ್ಚಿಗೆ ಅಮೆರಿಕ ಸರ್ಕಾರ ಸಿಗಾರ್ ಮೇಲೆ ತೆರಿಗೆ ಹಾಕಿತು. ಮರದ ಡಬ್ಬಿಯಲ್ಲೇ ತುಂಬಬೇಕು, ಮೇಲೆ ತೆರಿಗೆ ಚೀಟಿ ಅಂಟಿಸಬೇಕು. ಖಾಲಿಯಾದ ಡಬ್ಬಿಗೆ ಮತ್ತೆ ಸಿಗಾರ್ ತುಂಬಬಾರದು ಅಂತ ಎಚ್ಚರಿಕೆಯನ್ನೂ ಡಬ್ಬಿಯ ಮೇಲೇ ಅಚ್ಚು ಹಾಕುತ್ತಿದ್ದರು. ಹಾಗಾಗಿ ಮನೆ ಮನೆಯಲ್ಲೂ ತೆಳುವಾದ, ಒಣಗಿದ, ಒಳ್ಳೆ ಮರದ ಡಬ್ಬಿಗಳು ಬಿಟ್ಟಿ ಬಿದ್ದಿರುತ್ತಿದ್ದವು. ಕೈಯಲ್ಲಿ ಕಾಸಿಲ್ಲದ, ಹಾಡುವ ಆಸೆ ಜಾಸ್ತಿ ಇದ್ದವರಿಗೆ ಇನ್ನೇನು ಬೇಕು? ಚಿತ್ರಕಾರ ಎಡ್ವಿನ್ ಫೋರ್ಬ್ಸ್ 1876ರಲ್ಲಿ ಪ್ರಕಟಿಸಿದ ಯುದ್ಧ ಶಿಬಿರದ ಚಿತ್ರದಲ್ಲೇ ಒಬ್ಬ ಸೈನಿಕ ಸಿಗಾರ್ ಡಬ್ಬಿಯ ಪಿಟೀಲು ನುಡಿಸುತ್ತಿದ್ದಾನೆ. ಬಡ ಗೇಣಿದಾರರ ಮಗ, ರಾಕ್ ಅಂಡ್ ರೋಲ್ ಗಾಯಕ ಕಾರ್ಲ್ ಪರ್ಕಿನ್ಸ್‌ಗೆ ಅಪ್ಪ ಮೊದಲು ಮಾಡಿಕೊಟ್ಟಿದ್ದು ಸಿಗಾರ್ ಡಬ್ಬಿಗೆ ಪೊರಕೆ ಕೋಲು ಸಿಕ್ಕಿಸಿದ ಗಿಟಾರ್. ಕಪ್ಪು ಅಮೆರಿಕನ್ನರ ಹಾಡಿನ ಪರಂಪರೆಯಾದ ಬ್ಲೂಸ್‌ನ ಹಾಡುಗಾರ ಲೈಟ್ನಿನ್ ಹಾಪ್ಕಿನ್ಸ್ ಶುರು ಮಾಡಿದ್ದೂ ಇಂಥದ್ದರಲ್ಲೇ.

ನಮ್ಮ ಕೆಲಸದಲ್ಲಿ ಗಟ್ಟಿ ಇರಬೇಕಾದ್ದು ಕೋಲು ಮಾತ್ರ. ಅದು ಡಬ್ಬಿಯ ಒಂದು ಬದಿಯಿಂದ ಇನ್ನೊಂದು ಬದಿಗೆ ಹಾದು ಹೋಗುತ್ತದೆ. ತಂತಿಯ ಎಳೆತವೆಲ್ಲ ಕೋಲಿನ ಮೇಲೆ, ಡಬ್ಬಿ ಹಾಯಾಗಿ ಕಂಪಿಸುತ್ತದೆ. ತಂತಿ ಕೂರಲು ಎರಡು ತುದಿಯಲ್ಲೂ ಒಂದೊಂದು ಬೋಲ್ಟ್, ಅದರ ತಿರುಪಿನ ಗೆರೆಗಳೇ ತಂತಿ ಜಾರದಂತೆ ಹಿಡಿಯುತ್ತವೆ. ಆಡುವ ತಂತಿಯ ಉದ್ದ 24 ಇಂಚು. ಮೇಲಿನ ಬೋಲ್ಟಿನಿಂದ ಸುಮಾರು 6, 8, 12 ಇಂಚಿಗೆ ಪೆನ್ಸಿಲ್ ಗೆರೆ ಎಳೆದೆವು. ಮ, ಪ, ಮೇಲಿನ ಸ. ಬ್ಲೂಸ್‌ನ ಬಹುಪಾಲು ಅಷ್ಟರಲ್ಲೇ ಮುಗಿಯುತ್ತೆ.

ಇಂಥವನ್ನು ಈಗ ನೂರಾರು ಡಾಲರಿಗೆ ರೆಡಿಮೇಡ್ ಮಾರುತ್ತಾರೆ. ಚೆನ್ನಾಗೇ ಇರಬಹುದು, ಆದರೆ ದುಡ್ಡಿಲ್ಲದವರ ವಾದ್ಯಕ್ಕೆ ಅಷ್ಟು ದುಡ್ಡು ಕೊಡೋಕೆ ನನಗಂತೂ ಮನಸ್ಸು ಬರೋದಿಲ್ಲ.

ಪಕ್ಕದ ಮನೆಯವರು ಮಾಮೂಲಿ ಗಿಟಾರಿನ ತಂತಿಗಳಲ್ಲಿ ಐದನೆಯದು, ನಾಲ್ಕನೆಯದು, ಮೂರನೆಯದು ಹಾಕಿ ಜಿ-ಡಿ-ಜಿ ಶ್ರುತಿ ಕೂಡಿಸಿದರು. ಕೇಳಿದ ತಕ್ಷಣ ಗೊತ್ತಾಯಿತು, ಇದು ಸ-ಪ-ಸ. ಖಾಲಿ ತಂತಿ ಮೀಟಿದರೇ ಶ್ರುತಿ ಪೆಟ್ಟಿಗೆ! ಬೆರಳಿಗೆ ಗಾಜಿನ ಕೊಳವೆ ಸಿಕ್ಕಿಸಿ ಅವರು ಒಂದು ಹಳೆಯ ಬ್ಲೂಸ್ ಎಳೆದರು. ಆಮೇಲೆ ನಾನು ಚಿಕ್ಕಂದಿನ ಮಾಯಾಮಾಳವಗೌಳದ ಸರಳೆ ವರಸೆ ಹುಡುಕಿದೆ. ಜಾರಿಸಿದರೆ ರಿ ಅಲುಗುತ್ತದೆ, ವೀಣೆಗಿರುವಂಥ ಮನೆಗಳಿಲ್ಲವಲ್ಲ. ಅವರು ಮತ್ತೆ ಮತ್ತೆ ನುಡಿಸು ಅಂದರು.

ಮುಂದಿನ ಡಬ್ಬಿಗೆ ಫ್ರೆಟ್, ಅಂದರೆ ಆ ಮನೆಗಳನ್ನು ಹಾಕೋಣ, ಹಲವು ಸ್ವರ ಒಟ್ಟಿಗೆ ಮೀಟುವ ಕಾರ್ಡ್ಸ್ (chords) ಸಲೀಸು ಅನ್ನೋದು ಅವರ ವಾದ. ಗಮಕ ಕೆಡುತ್ತೆ, ಬೇಡವೇ ಬೇಡ ಅನ್ನೋದು ನನ್ನದು. ಬೇಲಿಯ ಆಚೆ ಈಚೆ ನಿಂತು ಈ ಜಗಳ ಇನ್ನೂ ನಡೀತಿದೆ.