ನಮಗೆ ಮೊದಲೇ ಗೊತ್ತಿರಲಿಲ್ಲವೇ?

ಈ ಮಳೆಗಾಲದಲ್ಲಿ ಕುಂಬಳೆ ಸಮೀಪದ ನಮ್ಮೂರ ವಾಚನಾಲಯದಿಂದ ಬಿ.ಎನ್. ಮಲ್ಲಿಕ್ ಅವರು ಚೀನಾ ಯುದ್ಧದ ಬಗ್ಗೆ ಬರೆದ ಇಂಗ್ಲಿಷ್ ಪುಸ್ತಕವನ್ನು ತಂದು ಎರಡು ಸಲ ಓದಿದೆ. 1950ರಿಂದ 1964ರವರೆಗೆ ಇಂಟೆಲಿಜೆನ್ಸ್ ಬ್ಯೂರೋದ ನಿರ್ದೇಶಕರಾಗಿದ್ದವರು ಅವರು. 1968ರಲ್ಲಿ ಹೊರದೇಶಗಳ ಬೇಹುಗಾರಿಕೆಗೆಂದು ‘ರಾ’ ಎಂಬ ಪ್ರತ್ಯೇಕ ಸಂಸ್ಥೆ ಹುಟ್ಟುವವರೆಗೆ ದೇಶದ ಒಳಗಿನ ಮತ್ತು ಹೊರಗಿನ ಬೇಹುಗಾರಿಕೆಯ ಹೊಣೆಯೆಲ್ಲ ಆ ಒಂದೇ ಸಂಸ್ಥೆಯ ಮೇಲಿತ್ತು.

ನನ್ನನ್ನು ಆ ಪುಸ್ತಕದತ್ತ ಎಳೆದದ್ದು ತಂದೆಯವರ ಒಂದು ಪ್ರಶ್ನೆ. 1962ರಲ್ಲಿ ಅವರು ಶಾಲಾ ಬಾಲಕ. ಪೇಟೆಯ ಅಂಗಡಿಯ ರೇಡಿಯೋ ಮುಂದೆ ನಿಂತು ಸೋಲಿನ ಸುದ್ದಿ ಕೇಳಿದವರು, ಮನೆಯ ಅಡಿಕೆ ಮಾರಿದ ಹಣದಲ್ಲಿ ಒಂದು ಪಾಲು ರಕ್ಷಣಾ ನಿಧಿಗೆ ಹೋದದ್ದನ್ನು ಕಂಡವರು. “ನಮಗೆ ಮೊದಲೇ ಗೊತ್ತಿರಲಿಲ್ಲವೇ?” ಎಂದು ಕೊನೆಯವರೆಗೂ ಕೇಳುತ್ತಿದ್ದರು.

ಗೊತ್ತಿತ್ತು ಎನ್ನುತ್ತಾರೆ ಮಲ್ಲಿಕ್. ಲಡಾಖಿನ ಪೂರ್ವದ ಅಕ್ಸಾಯ್ ಚಿನ್‌ನಲ್ಲಿ ಚೀನೀಯರು ರಸ್ತೆ ಕಡಿಯುತ್ತಿದ್ದುದನ್ನೂ ಗಡಿಯಲ್ಲಿ ಅವರ ಠಾಣೆಗಳು ಮುಂದೊತ್ತಿ ಬರುತ್ತಿದ್ದುದನ್ನೂ ತಮ್ಮ ಸಂಸ್ಥೆ ವರದಿ ಮಾಡುತ್ತಲೇ ಇತ್ತೆಂದು ಅವರು ಪುಟಗಟ್ಟಲೆ ವಿವರಿಸುತ್ತಾರೆ. ಇದನ್ನು ಸುಳ್ಳೆನ್ನಲು ನನ್ನಿಂದಾಗದು, ಏಕೆಂದರೆ ಆ ಮಾಹಿತಿಗೆ ಬೆಲೆ ತೆತ್ತವರಿದ್ದಾರೆ. 1959ರ ಅಕ್ಟೋಬರ್ 21ರಂದು ಲಡಾಖಿನ ಹಾಟ್ ಸ್ಪ್ರಿಂಗ್ಸ್ ಬಳಿ ಬ್ಯೂರೋದ ಅಧಿಕಾರಿ ಕರಮ್ ಸಿಂಗ್ ನೇತೃತ್ವದ ಗಸ್ತು ಪಡೆಯ ಹತ್ತು ಮಂದಿ ಪೊಲೀಸರು ಚೀನೀ ಗುಂಡಿಗೆ ಬಲಿಯಾದರು. ದೇಶದೆಲ್ಲೆಡೆ ಆ ದಿನ ಪೊಲೀಸ್ ಹುತಾತ್ಮರ ದಿನಾಚರಣೆ ನಡೆಯುವುದು ಅವರ ನೆನಪಿಗಾಗಿಯೇ.

ಆದರೆ ಚೀನೀಯರು ಎಲ್ಲಿದ್ದಾರೆಂದು ತಿಳಿಯುವುದು ಬೇರೆ, ಅವರು ಮುಂದೇನು ಮಾಡುವರೆಂದು ಅಂದಾಜಿಸುವುದು ಬೇರೆ. ನಾವು ಮುಂದೆ ಹೋಗಿ ಠಾಣೆ ಹಾಕಿದರೆ ಚೀನೀಯರು ಬಲಪ್ರಯೋಗ ಮಾಡಲಾರರೆಂಬ ಅಂದಾಜು ಬ್ಯೂರೋದಿಂದಲೇ ಬಂದಿತ್ತು, ಹೀಗೆ ಠಾಣೆ ಹಾಕುತ್ತ ಸಾಗುವ 1961ರ ನವೆಂಬರಿನ ಮುನ್ನಡೆ ನೀತಿಗೆ ಅದು ಊರುಗೋಲಾಯಿತು. ಸೋಲಿನ ಬಗ್ಗೆ ಸೇನೆಯ ಪರವಾಗಿ ತನಿಖೆ ನಡೆಸಿದ ಸೇನಾಧಿಕಾರಿಗಳಾದ ಹೆಂಡರ್ಸನ್ ಬ್ರೂಕ್ಸ್ ಮತ್ತು ಪಿ.ಎಸ್. ಭಗತ್ ಅವರ 1963ರ ವರದಿ ಈ ಅಂದಾಜನ್ನು ಕಟುವಾಗಿ ಪ್ರಶ್ನಿಸಿತು. ಮಲ್ಲಿಕ್ ಮಾಹಿತಿಯ ಬಗ್ಗೆ ಧಾರಾಳವಾಗಿ ಬರೆಯುತ್ತಾರೆ, ಅಂದಾಜಿನ ಹತ್ತಿರ ಬಂದಾಗ ಕೈ ಬಿಗಿ ಹಿಡಿಯುತ್ತಾರೆ. ಸಾಕ್ಷಿಯೂ ಆರೋಪಿಯೂ ಒಬ್ಬರೇ ಆದಾಗ ಹೀಗಾಗುವುದು ಸಹಜವೆಂದು ಒಪ್ಪುತ್ತೇನಾದರೂ ಓದುವಾಗ ನೋವಾಯಿತು.

ಕಡಲ ತಡಿಯಲ್ಲಿರುವ ನಮಗೆ ಇದು ಹಿಮಾಲಯದ ಹಳೆಯ ಕಥೆಯಷ್ಟೇ ಅಲ್ಲ. 2008ರಲ್ಲಿ ಮುಂಬೈಗೆ ಹತ್ತು ಮಂದಿ ಉಗ್ರರು ಬಂದದ್ದು ನಮ್ಮ ಮೊಗವೀರರು ದುಡಿಯುವ ಇದೇ ಅರಬ್ಬಿ ಸಮುದ್ರದಲ್ಲಿ, ವಶಪಡಿಸಿಕೊಂಡ ಮೀನುಗಾರಿಕಾ ಬೋಟಿನಲ್ಲಿ. ಕಡಲಿನಿಂದ ದಾಳಿ ನಡೆಯಬಹುದೆಂಬ ಎಚ್ಚರಿಕೆ ಆಗಲೂ ಮೊದಲೇ ಬಂದಿತ್ತು. ದಡಕ್ಕಿಳಿದ ಅಪರಿಚಿತರನ್ನು ಮೊದಲು ಕಂಡು ಸಂಶಯಪಟ್ಟವರು ಕೊಲಾಬಾದ ಮೀನುಗಾರರು. ಕಂಡದ್ದು ಕಾರ್ಯವಾಗುವ ನಡುವೆ ಎಲ್ಲೋ ಕೊಂಡಿ ಕಳಚುತ್ತದೆ. ಎಲ್ಲಿ ಕಳಚಿತೆಂದು ಹೇಳಬಲ್ಲವರು ಗುಪ್ತಚರ ಸಂಸ್ಥೆಯ ಕುರ್ಚಿಯಲ್ಲಿ ಕುಳಿತವರೇ.

ಆದ್ದರಿಂದ ಅವರು ಬರೆಯಬೇಕು. ‘ರಾ’ದ ಮುಖ್ಯಸ್ಥರಾಗಿದ್ದ ಎ.ಎಸ್. ದುಲತ್, ವಿಕ್ರಮ್ ಸೂದ್ ಬರೆದಿದ್ದಾರೆ. 2021ರ ಪಿಂಚಣಿ ನಿಯಮದ ತಿದ್ದುಪಡಿಯಂತೆ, ಈಗ ನಿವೃತ್ತ ಗುಪ್ತಚರ ಅಧಿಕಾರಿಗಳು ತಮ್ಮ ಸಂಸ್ಥೆಯ ಕಾರ್ಯಕ್ಷೇತ್ರದ ಬಗ್ಗೆ ಪ್ರಕಟಿಸುವ ಮೊದಲು ಅನುಮತಿ ಪಡೆಯಬೇಕು. ಜೀವಂತ ಮೂಲಗಳ ಹೆಸರು ಕಾಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಂಸತ್ತಿನ ಕಾಯ್ದೆಯಿಂದ ಹುಟ್ಟದ ಈ ಸಂಸ್ಥೆಗಳ ಒಳಗನ್ನು ಪ್ರಜೆಗೆ ತೋರಿಸುವ ಕಿಟಕಿಗಳೇ ಕಡಿಮೆ, ಅವು ಇನ್ನೂ ಕಿರಿದಾಗುತ್ತಿರುವುದು ನನಗೆ ಆತಂಕ ತಂದಿದೆ.

ಹೆಂಡರ್ಸನ್ ಬ್ರೂಕ್ಸ್ ವರದಿಯ ಒಂದು ಭಾಗವನ್ನು 2014ರಲ್ಲಿ ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ ಹೊರಗೆಡವಿದರು. ಸರಕಾರ ಅದನ್ನು ಪ್ರಕಟಿಸಿಲ್ಲ. ಮಲ್ಲಿಕ್ ಅವರ ಪುಸ್ತಕವನ್ನು ಮರಳಿಸುವಾಗ ಕಪಾಟಿನಲ್ಲಿ ಅದರ ಪಕ್ಕಕ್ಕೆ ಆ ವರದಿಯ ಅಧಿಕೃತ ಮುದ್ರಣವೂ ಇರಬೇಕಿತ್ತೆಂದು ಅನಿಸಿತು. ಎರಡನ್ನೂ ಒಟ್ಟಿಗಿಟ್ಟು ಓದದೆ ತಂದೆಯವರ ಪ್ರಶ್ನೆಗೆ ಪೂರ್ತಿ ಉತ್ತರ ಕೊಡಲಾರೆ.