ಪ್ರಜಾಪ್ರಭುತ್ವ ದೇಶಗಳು ಒಂದರ ಮೇಲೊಂದು ಯುದ್ಧಕ್ಕೆ ಹೋಗುವುದಿಲ್ಲ ಅಂತಾರಲ್ಲ, ನಿಜವಾ? ನಿಜವಾದರೆ ಯಾಕೆ?

ವಿದೇಶಾಂಗ ರಾಜಕೀಯದ ಮಾತು ಬಂದಲ್ಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರಲ್ಲಿ ಕೆಲವರಿಗೆ ಇದು ಪಶ್ಚಿಮದವರು ತಮ್ಮ ಬೆನ್ನು ತಾವೇ ತಟ್ಟಿಕೊಳ್ಳಲು ಕಟ್ಟಿದ ಕತೆ. ಇನ್ನು ಕೆಲವರಿಗೆ ಎಲ್ಲ ಕಡೆ ಚುನಾವಣೆ ನಡೆಸಿಬಿಟ್ಟರೆ ಯುದ್ಧವೇ ಇರುವುದಿಲ್ಲ ಎಂಬ ನಂಬಿಕೆ. ನನ್ನ ಉತ್ತರ ಇಬ್ಬರಿಗೂ ಅಷ್ಟಾಗಿ ರುಚಿಸುವುದಿಲ್ಲ. ಹೇಳಿಕೆ ಬಹುಮಟ್ಟಿಗೆ ನಿಜ, ಆದರೆ ಅದರ ಕೀಲಿ ಇರುವುದು ಮತಪೆಟ್ಟಿಗೆಗಿಂತ ಸ್ವಲ್ಪ ಆಚೆ. ಸೈನ್ಯಕ್ಕೆ ‘ಹೊರಡು’ ಎನ್ನುವ ಮೊದಲು ಆಳುವವರು ಯಾರು ಯಾರನ್ನು ಕೇಳಬೇಕು, ಹಾಗೆ ಕೇಳುವುದು ಎದುರಾಳಿಯ ಕಣ್ಣಿಗೂ ಬೀಳುತ್ತದೆಯೇ ಎಂಬುದರಲ್ಲಿ.

ಹೇಳಿಕೆ ನಿಜಕ್ಕೂ ಬಹಳ ಚಿಕ್ಕದು. ಪ್ರಜಾಪ್ರಭುತ್ವಗಳು ಶಾಂತಿಪ್ರಿಯ ಎಂದು ಅದು ಎಲ್ಲೂ ಹೇಳುವುದಿಲ್ಲ. ಬ್ರಿಟನ್, ಫ್ರಾನ್ಸ್, ಅಮೆರಿಕ ಮಾಡಿದ ಯುದ್ಧಗಳ ಪಟ್ಟಿ ಉದ್ದ, ವಸಾಹತುಗಳ ಮೇಲೆ ಎತ್ತಿ ಹೋದ ದಂಡುಗಳನ್ನು ಸೇರಿಸಿದರೆ ಇನ್ನೂ ಉದ್ದ. ಮಾತು ಇರುವುದು ಜೋಡಿಗಳ ಬಗ್ಗೆ: ಎರಡೂ ಕಡೆ ಪ್ರಜಾಪ್ರಭುತ್ವ ಇದ್ದರೆ ಆ ಜೋಡಿಯ ನಡುವೆ ಯುದ್ಧ ತೀರಾ ಅಪರೂಪ. 1964ರಲ್ಲಿ ಅಮೆರಿಕದ ಸಂಶೋಧಕ ಡೀನ್ ಬ್ಯಾಬ್ಸ್ಟ್ ಇದನ್ನು ಯುದ್ಧಗಳ ಪಟ್ಟಿ ಹಿಡಿದು ತೋರಿಸಿದರು. 1983ರಲ್ಲಿ ರಾಜಕೀಯಶಾಸ್ತ್ರಜ್ಞ ಮೈಕೆಲ್ ಡಾಯ್ಲ್ ಎರಡು ಕಂತುಗಳಲ್ಲಿ ಬರೆದ ಲೇಖನದ ನಂತರ ಅದು ದೊಡ್ಡ ಚರ್ಚೆಯಾಯಿತು. ಇಂದಿಗೂ ಮುಗಿದಿಲ್ಲ.

ಚರ್ಚೆ ಮುಗಿಯದಿರಲು ಒಂದು ಕಾರಣ ಲೆಕ್ಕ ಹಾಕುವ ಕ್ರಮ. ಸಾಮಾನ್ಯವಾಗಿ ಬಳಸುವ ಯುದ್ಧಗಳ ಪಟ್ಟಿ ಡೇವಿಡ್ ಸಿಂಗರ್ 1963ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ ಯೋಜನೆಯದು. ಅದರಲ್ಲಿ ದೇಶ ದೇಶಗಳ ಘರ್ಷಣೆ ‘ಯುದ್ಧ’ ಎನಿಸಿಕೊಳ್ಳಲು ರಣರಂಗದ ಸಾವುಗಳು ಕನಿಷ್ಠ 1,000 ಆಗಬೇಕು. ಪ್ರಜಾಪ್ರಭುತ್ವವನ್ನು ಅಳೆಯಲು ಹೆಚ್ಚಾಗಿ ಬಳಸುವುದು ‘ಪಾಲಿಟಿ’ ಅಂಕ: −10ರಿಂದ +10ರವರೆಗೆ. 6 ಅಥವಾ ಮೇಲಿದ್ದರೆ ಪ್ರಜಾಪ್ರಭುತ್ವ ಎನ್ನುವುದು ವಾಡಿಕೆ. ಈ ಎರಡು ಗೆರೆಗಳನ್ನು ಸ್ವಲ್ಪ ಆಚೀಚೆ ಸರಿಸಿದರೂ ಕೆಲವು ಪ್ರಕರಣಗಳು ಒಳಗೆ ಬರುತ್ತವೆ, ಕೆಲವು ಹೊರಗೆ ಹೋಗುತ್ತವೆ. 1941ರ ಡಿಸೆಂಬರ್ 6ರಂದು ಬ್ರಿಟನ್ ಫಿನ್ಲೆಂಡಿನ ಮೇಲೆ ಯುದ್ಧ ಘೋಷಿಸಿತ್ತು, ಎರಡೂ ಪ್ರಜಾಪ್ರಭುತ್ವಗಳೇ. ನೇರ ಕಾದಾಟ ಹೆಚ್ಚೇನೂ ನಡೆಯದ ಕಾರಣ ಅದನ್ನು ಅಪವಾದವೆಂದು ಎಣಿಸುವುದಿಲ್ಲ. 1812ರಲ್ಲಿ ಅಮೆರಿಕ ಮತ್ತು ಬ್ರಿಟನ್ ಹೋರಾಡಿದವು. ಆಗಿನ ಬ್ರಿಟನ್ನಿನಲ್ಲಿ ಮತದ ಹಕ್ಕಿದ್ದವರು ಬೆರಳೆಣಿಕೆಯಷ್ಟು ಎಂದು ಅದನ್ನೂ ಬದಿಗಿಡುತ್ತಾರೆ. ಬೇಕಾದಂತೆ ಗೆರೆ ಎಳೆಯುತ್ತಾರೆ ಎಂದು ಟೀಕಾಕಾರರು ಸಿಟ್ಟಾಗುವುದು ಸಹಜವೇ.

ಇನ್ನೊಂದು ತೊಡಕು ಗಣಿತದ್ದು. 10 ದೇಶಗಳಿದ್ದರೆ ಸಾಧ್ಯವಿರುವ ಜೋಡಿಗಳು 45, 100 ದೇಶಗಳಿದ್ದರೆ 4,950. ಹತ್ತೊಂಬತ್ತನೇ ಶತಮಾನದಲ್ಲಿ ಪ್ರಜಾಪ್ರಭುತ್ವಗಳೇ ಕೆಲವು, ಅವೂ ಪರಸ್ಪರ ದೂರ. ಗಡಿ ಹಂಚಿಕೊಳ್ಳದ ಎರಡು ದೇಶಗಳು ಹೊಡೆದಾಡಲಿಲ್ಲ ಎಂದರೆ ಅದರಲ್ಲಿ ಹೇಳಿಕೊಳ್ಳುವಂಥದ್ದು ಏನಿದೆ? ಯುದ್ಧವೇ ಅಪರೂಪದ ಘಟನೆ. ಆದ್ದರಿಂದ 1945ಕ್ಕೆ ಮುಂಚಿನ ಅಂಕಿಗಳನ್ನು ಹಿಡಿದು ಬಹಳ ಜಂಬ ಪಡುವಂತಿಲ್ಲ. ನೆರೆಹೊರೆಯ ಜೋಡಿಗಳನ್ನು, ಜಗಳ ಶುರುವಾದ ಜೋಡಿಗಳನ್ನು ಮಾತ್ರ ಎತ್ತಿಕೊಂಡು ನೋಡಿದರೂ ವ್ಯತ್ಯಾಸ ಉಳಿಯುತ್ತದೆ ಎಂಬುದು ಹೇಳಿಕೆಯ ನಿಜವಾದ ಬಲ.

ಹೊರಗಿಟ್ಟ ಪ್ರಕರಣಗಳಲ್ಲಿ ಒಂದನ್ನು ಮಾತ್ರ ಬಿಡಿಸಿ ನೋಡಬೇಕು: 1914ರ ಜರ್ಮನಿ. ಅಲ್ಲಿ 25 ದಾಟಿದ ಗಂಡಸರಿಗೆಲ್ಲ ಮತದ ಹಕ್ಕಿತ್ತು, ಅದೇ ಕಾಲದ ಬ್ರಿಟನ್ನಿಗಿಂತ ಹೆಚ್ಚು ಉದಾರವಾಗಿ. ಪತ್ರಿಕೆಗಳಿದ್ದವು, ಸಂಸತ್ತಿನಲ್ಲಿ ಸಮಾಜವಾದಿಗಳದೇ ಅತಿ ದೊಡ್ಡ ಪಕ್ಷ. ಆದರೂ ಸರ್ಕಾರದ ಮುಖ್ಯಸ್ಥನಾದ ಚಾನ್ಸೆಲರ್ ಉತ್ತರ ಕೊಡಬೇಕಾಗಿದ್ದುದು ಚಕ್ರವರ್ತಿ ಕೈಸರನಿಗೆ, ಸಂಸತ್ತಿಗಲ್ಲ. ಸೇನೆಯೂ ಕೈಸರನದೇ. ಜರ್ಮನಿ ರಷ್ಯಾದ ಮೇಲೆ ಯುದ್ಧ ಘೋಷಿಸಿದ್ದು ಆಗಸ್ಟ್ 1ರಂದು, ಫ್ರಾನ್ಸಿನ ಮೇಲೆ ಆಗಸ್ಟ್ 3ರಂದು. ಸಂಸತ್ತು ಯುದ್ಧದ ಸಾಲಕ್ಕೆ ಮತ ಹಾಕಿದ್ದು ಆಗಸ್ಟ್ 4ರಂದು. ಮತದಾರ ಇದ್ದ, ಮತವೂ ಇತ್ತು. ಕಡಿವಾಣ ಮಾತ್ರ ಇರಲಿಲ್ಲ.

ಈಗ ‘ಯಾಕೆ’ ಎಂಬ ಭಾಗ. ಹಳೆಯ ಉತ್ತರ 1795ರದು, ಕೋನಿಗ್ಸ್‌ಬರ್ಗ್‌ನ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ಕೊಟ್ಟದ್ದು. ಯುದ್ಧಕ್ಕೆ ಪ್ರಜೆಗಳ ಒಪ್ಪಿಗೆ ಬೇಕೆಂದಾದರೆ ಅವರು ಹತ್ತು ಸಲ ಯೋಚಿಸುತ್ತಾರೆ. ಕಾದಬೇಕಾದವರು ಅವರೇ, ಖರ್ಚು ಕೊಡಬೇಕಾದವರು ಅವರೇ, ಮುಗಿದ ಮೇಲೆ ಸಾಲ ತೀರಿಸಬೇಕಾದವರೂ ಅವರೇ. ರಾಜನಿಗಾದರೋ ಯುದ್ಧದಿಂದ ಅವನ ಔತಣಕ್ಕೂ ಬೇಟೆಗೂ ವಿಲಾಸದ ಅರಮನೆಗೂ ಕೊರತೆಯಾಗದು. (ಅಂದಹಾಗೆ, ಕಾಂಟ್ ಮೆಚ್ಚಿದ್ದು ಅಧಿಕಾರ ಹಂಚಿಹೋದ ಗಣರಾಜ್ಯವನ್ನು. ‘ಡೆಮಾಕ್ರಸಿ’ ಎಂಬ ಮಾತನ್ನು ಅವನು ಬೈಗುಳದಂತೆಯೇ ಬಳಸಿದ್ದ.) ವಾದ ಚೆನ್ನಾಗಿದೆ, ಆದರೆ ಅರ್ಧಕ್ಕೇ ನಿಲ್ಲುತ್ತದೆ. ಖರ್ಚಿನ ಭಯವೇ ಕಾರಣವಾದರೆ ಪ್ರಜಾಪ್ರಭುತ್ವಗಳು ಯಾರ ಮೇಲೂ ಯುದ್ಧ ಮಾಡಬಾರದಿತ್ತು. 1898ರಲ್ಲಿ ಸ್ಪೇನಿನ ಮೇಲೆ ಯುದ್ಧಕ್ಕೆ ಅಮೆರಿಕದ ಜನ ತಾವೇ ತುದಿಗಾಲಲ್ಲಿ ನಿಂತಿದ್ದರು.

ಆದ್ದರಿಂದ ಎರಡನೆಯ ತುಂಡು ಬೇಕು, ನನ್ನ ಪ್ರಕಾರ ಅದೇ ಮುಖ್ಯ. ಎರಡು ದೇಶಗಳ ಜಗಳ ಯುದ್ಧಕ್ಕೆ ತಿರುಗುವುದು ಎಷ್ಟೋ ಸಲ ಒಬ್ಬರ ಮನಸ್ಸು ಇನ್ನೊಬ್ಬರಿಗೆ ತಿಳಿಯದೆ. ‘ಬಿಡುವುದಿಲ್ಲ’ ಎಂದು ಎಲ್ಲರೂ ಹೇಳುತ್ತಾರೆ. ಅದು ಬರೀ ಬೆದರಿಕೆಯೋ ನಿಜವೋ ಎಂದು ಹೇಗೆ ಗೊತ್ತಾಗಬೇಕು? ಮುಚ್ಚಿದ ಬಾಗಿಲಿನ ಆಡಳಿತದಲ್ಲಿ ಗೊತ್ತಾಗುವುದಿಲ್ಲ. ತೆರೆದ ಆಡಳಿತದಲ್ಲಿ ಬಹುಮಟ್ಟಿಗೆ ಗೊತ್ತಾಗುತ್ತದೆ. ವಿರೋಧ ಪಕ್ಷ ಏನನ್ನುತ್ತಿದೆ, ಬಜೆಟ್‌ನಲ್ಲಿ ಹಣ ಸಿಕ್ಕಿತೇ, ಮಂತ್ರಿಮಂಡಲ ಒಡೆದಿದೆಯೇ, ಎಲ್ಲವೂ ಮರುದಿನದ ಪತ್ರಿಕೆಯಲ್ಲಿ. ಬಹಿರಂಗವಾಗಿ ಬೆದರಿಸಿ ಆಮೇಲೆ ಹಿಂದೆ ಸರಿದ ಪ್ರಧಾನಿಗೆ ಮನೆಯಲ್ಲೇ ಮರ್ಯಾದೆ ಹೋಗುತ್ತದೆ, ಹಾಗಾಗಿ ಅವನ ಬೆದರಿಕೆಗೆ ತೂಕವೂ ಹೆಚ್ಚು. 1994ರಲ್ಲಿ ರಾಜಕೀಯಶಾಸ್ತ್ರಜ್ಞ ಜೇಮ್ಸ್ ಫಿಯರನ್ ಇದನ್ನು ಸೂತ್ರಕ್ಕಿಳಿಸಿದರು. ವಿರೋಧ ಪಕ್ಷದ ಪಾತ್ರವನ್ನು ಕೆನೆತ್ ಶುಲ್ಟ್ಸ್ ಬಿಡಿಸಿಟ್ಟರು.

ಇದಕ್ಕೆ ಎಲ್ಲರೂ ಎತ್ತಿಕೊಳ್ಳುವ ಪ್ರಕರಣ ಫಶೋಡಾ. 1898ರ ಜುಲೈಯಲ್ಲಿ ಫ್ರೆಂಚ್ ಅಧಿಕಾರಿ ಮಾರ್ಷಾಂ ಸುಮಾರು ನೂರಿಪ್ಪತ್ತು ಆಫ್ರಿಕನ್ ಸೈನಿಕರೊಂದಿಗೆ, ಖಂಡದ ಪಶ್ಚಿಮ ಕರಾವಳಿಯಿಂದ ಹೊರಟು, ನೈಲ್ ದಡದ ಫಶೋಡಾ ತಲುಪಿ ಬಾವುಟ ಹಾರಿಸಿದ. ಈಗ ಅದು ದಕ್ಷಿಣ ಸುಡಾನಿನ ಕೊಡೋಕ್. ಸೆಪ್ಟೆಂಬರಿನಲ್ಲಿ, ಸುಡಾನಿನ ಓಮ್ಡುರ್ಮಾನ್ ಕದನ ಗೆದ್ದ ಬಿಸಿಯಲ್ಲೇ, ಬ್ರಿಟಿಷ್ ಸೇನಾಪತಿ ಕಿಚನರ್ ಮಾರ್ಷಾಂನ ಬಲಕ್ಕಿಂತ ಎಷ್ಟೋ ಪಟ್ಟು ದೊಡ್ಡ ಪಡೆಯೊಂದಿಗೆ ಅಲ್ಲಿಗೇ ಬಂದ. ಜಾಗ ಯಾರದು? ಲಂಡನ್, ಪ್ಯಾರಿಸ್ ಎರಡರಲ್ಲೂ ಪತ್ರಿಕೆಗಳು ಕತ್ತಿ ಮಸೆದವು. ಬ್ರಿಟನ್ನಿನ ಪ್ರಧಾನಿ ಸಾಲಿಸ್‌ಬರಿ ಬಗ್ಗುವುದಿಲ್ಲ ಎಂದ. ಅದನ್ನು ಫ್ರಾನ್ಸ್ ನಂಬಲೇಬೇಕೆಂದಿರಲಿಲ್ಲ. ಆದರೆ ಅಕ್ಟೋಬರ್ 12ರಂದು ವಿರೋಧಿ ಲಿಬರಲ್ ಪಕ್ಷದ ಮಾಜಿ ಪ್ರಧಾನಿ ರೋಸ್‌ಬರಿ ಸಾರ್ವಜನಿಕ ಭಾಷಣದಲ್ಲೇ ಸರ್ಕಾರದ ಬೆನ್ನಿಗೆ ನಿಂತ. ಸರ್ಕಾರವನ್ನು ಬೀಳಿಸಿದರೆ ಲಾಭವಿದ್ದ ಮನುಷ್ಯನೇ ಹೀಗೆಂದಾಗ ಪ್ಯಾರಿಸ್ಸಿಗೆ ವಿಷಯ ಅರ್ಥವಾಯಿತು. ಅತ್ತ ಫ್ರಾನ್ಸ್, ಬೇಹುಗಾರಿಕೆಯ ಸುಳ್ಳು ಆರೋಪ ಹೊತ್ತ ಸೇನಾಧಿಕಾರಿ ಡ್ರೈಫಸ್‌ನ ಪ್ರಕರಣದಲ್ಲಿ ಇಬ್ಭಾಗವಾಗಿರುವುದು ಲಂಡನ್ನಿಗೂ ಕಾಣುತ್ತಿತ್ತು. ನವೆಂಬರ್ ಆರಂಭದಲ್ಲಿ ಫ್ರಾನ್ಸ್ ಜಾಗ ಬಿಟ್ಟುಕೊಡಲು ನಿರ್ಧರಿಸಿತು. 1904ರಲ್ಲಿ ಎರಡೂ ದೇಶಗಳು ವಸಾಹತುಗಳ ತಂಟೆಯನ್ನೆಲ್ಲ ಬಗೆಹರಿಸಿಕೊಂಡು ಸ್ನೇಹದ ಒಪ್ಪಂದ ಮಾಡಿಕೊಂಡವು.

ಇದೇ ಪ್ರಕರಣವನ್ನು ಅಮೆರಿಕದ ವಿದ್ವಾಂಸ ಕ್ರಿಸ್ಟೋಫರ್ ಲೇನ್ 1994ರಲ್ಲಿ ಉಲ್ಟಾ ಓದಿದರು: ಬ್ರಿಟಿಷ್ ನೌಕಾಪಡೆಯ ಮುಂದೆ ನಿಲ್ಲಲಾಗದು ಎಂದೇ ಫ್ರಾನ್ಸ್ ಸರಿಯಿತು, ಪ್ರಜಾಪ್ರಭುತ್ವದ ಬಂಧುತ್ವ ಎಲ್ಲೂ ಕಾಣಲಿಲ್ಲ. ದಾಖಲೆಗಳು ಅವರ ಪರವಾಗಿಯೇ ಇವೆ. ಎರಡು ಪ್ರಜಾಪ್ರಭುತ್ವಗಳ ನಡುವೆ ಸಹಜ ಗೌರವ ಇರುತ್ತದೆ, ಮನೆಯೊಳಗೆ ರಾಜಿಯ ಅಭ್ಯಾಸ ಇದ್ದವರು ಹೊರಗೂ ರಾಜಿ ಮಾಡಿಕೊಳ್ಳುತ್ತಾರೆ ಎಂಬ ‘ಮೌಲ್ಯ’ದ ವಿವರಣೆ ಫಶೋಡಾದಲ್ಲಿ ಪೆಟ್ಟು ತಿನ್ನುತ್ತದೆ. ಆದರೆ ಕಡಿವಾಣದ ವಿವರಣೆಗೆ ಏನೂ ಆಗುವುದಿಲ್ಲ. ಕಾದಿದರೆ ಸೋಲುತ್ತೇವೆ ಎಂದು ಫ್ರಾನ್ಸಿಗೆ ತಿಳಿಸಿದ್ದು ಹಡಗುಗಳು, ಬ್ರಿಟನ್ ಕಾದಿಯೇ ಕಾದುತ್ತದೆ ಎಂದು ತಿಳಿಸಿದ್ದು ರೋಸ್‌ಬರಿ. ಸರ್ವಾಧಿಕಾರಿಗೂ ಹಡಗು ಇರುತ್ತವೆ, ರೋಸ್‌ಬರಿ ಇರುವುದಿಲ್ಲ.

ಬಲವೊಂದೇ ನಿರ್ಣಾಯಕ ಎನ್ನುವವರು ಕಾಡ್ ಮೀನಿನ ಜಗಳವನ್ನೂ ನೋಡಬೇಕು. ಐಸ್‌ಲೆಂಡ್ ತನ್ನ ಮೀನುಗಾರಿಕೆಯ ಗಡಿಯನ್ನು 1958ರಲ್ಲಿ 12, 1972ರಲ್ಲಿ 50, 1975ರಲ್ಲಿ 200 ನಾಟಿಕಲ್ ಮೈಲಿಗೆ ಎಳೆಯಿತು. ಬ್ರಿಟನ್ ಪ್ರತಿ ಸಲವೂ ಯುದ್ಧನೌಕೆ ಕಳಿಸಿತು. ಸ್ಥಾಯಿ ಸೇನೆಯೇ ಇಲ್ಲದ ದೇಶದ ಕರಾವಳಿ ಕಾವಲು ದೋಣಿಗಳು ಬ್ರಿಟಿಷ್ ಮೀನುದೋಣಿಗಳ ಬಲೆಯ ತಂತಿ ಕತ್ತರಿಸಿದವು, ಹಡಗಿಗೆ ಹಡಗು ಗುದ್ದಿತು, 1976ರ ಫೆಬ್ರವರಿಯಲ್ಲಿ ರಾಯಭಾರ ಸಂಬಂಧವೂ ಮುರಿಯಿತು. ಕೊನೆಗೆ ಮೂರೂ ಸಲ ಗೆದ್ದದ್ದು ಐಸ್‌ಲೆಂಡೇ. ನೇಟೋ ಬಿಡುತ್ತೇವೆ ಎಂಬ ಅದರ ಬೆದರಿಕೆ ಕೆಲಸ ಮಾಡಿತು ಎನ್ನುವುದೂ ನಿಜ. ಆ ಬೆದರಿಕೆ ನಂಬುವಂತಿದ್ದದ್ದು ಯಾಕೆಂದರೆ ಅಲ್ಲಿನ ಮತದಾರರ ಹೊಟ್ಟೆಪಾಡು ಮೀನು ಎಂಬುದು ಲಂಡನ್ನಿನಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿಯೇನಲ್ಲ.

ಸೋತರೆ ಕುರ್ಚಿ ಹೋಗುತ್ತದೆ ಎಂಬ ಇನ್ನೊಂದು ಕಾರಣವೂ ಇದೆ. ಕುರ್ಚಿ ಉಳಿಸಿಕೊಳ್ಳಲು ಬಹುಜನರ ಬೆಂಬಲ ಬೇಕಾದವನು ಸೋಲುವಂಥ ಯುದ್ಧಕ್ಕೆ ಕೈಹಾಕುವುದಿಲ್ಲ, ಹಾಕಿದರೆ ಇದ್ದಬದ್ದದ್ದನ್ನೆಲ್ಲ ಸುರಿಯುತ್ತಾನೆ. ಇಂಥ ಇಬ್ಬರು ಎದುರುಬದುರಾದರೆ ಮಾತುಕತೆ ಅಗ್ಗ. ಸದ್ದಾಂ ಹುಸೇನ್ 1991ರಲ್ಲಿ ಕುವೈತಿನಲ್ಲಿ ಸೋತ ಮೇಲೂ 2003ರವರೆಗೆ ಆಳಿದ, ಏಕೆಂದರೆ ಅವನು ತೃಪ್ತಿಪಡಿಸಬೇಕಾದವರು ಕೆಲವೇ ಮಂದಿ. ಆದರೆ ಇದನ್ನು ಬಹಳ ದೂರ ಎಳೆಯಬಾರದು: ಅರ್ಜೆಂಟೀನಾದ ಸೇನಾಡಳಿತಗಾರ ಗಾಲ್ತಿಯೇರಿ 1982ರ ಜೂನಿನಲ್ಲಿ ಫಾಕ್‌ಲ್ಯಾಂಡ್ ಸೋತ ಕೆಲವೇ ದಿನಗಳಲ್ಲಿ ಹೋದ.

ಸಂದೇಹವಾದಿಗಳ ದೊಡ್ಡ ವಾದ ಬೇರೆಯೇ. ಮುದುಕಿಯ ಕೋಳಿ ಕೂಗಿದ್ದರಿಂದಲೇ ಬೆಳಗಾಯಿತು ಎಂದಂತೆ ನೀವು ಹೇಳುತ್ತಿದ್ದೀರಿ, 1945ರ ನಂತರ ಪಶ್ಚಿಮ ಯೂರೋಪನ್ನು ಶಾಂತವಾಗಿಟ್ಟದ್ದು ಸೋವಿಯತ್ ಭಯ ಮತ್ತು ಅಮೆರಿಕದ ಸೇನೆ ಎನ್ನುತ್ತಾರೆ. 1870, 1914, 1939ರಲ್ಲಿ ಮೂರು ಸಲ ಕಾದಿದ ಫ್ರಾನ್ಸ್ ಮತ್ತು ಜರ್ಮನಿ ಕೈಜೋಡಿಸಿದ್ದಕ್ಕೆ ಆ ಭಯ ಒಂದು ಕಾರಣ ಎಂಬುದನ್ನು ಅಲ್ಲಗಳೆಯಲಾಗದು. ಆದರೆ 1991ರಲ್ಲಿ ಸೋವಿಯತ್ ಒಕ್ಕೂಟ ಕಣ್ಮರೆಯಾದ ಮೇಲೂ ಅವು ಮತ್ತೆ ಕತ್ತಿ ಹಿರಿಯಲಿಲ್ಲ. ಗಡಿಯ ವಾದ ಇದಕ್ಕಿಂತ ಗಟ್ಟಿ: ಮೊದಲು ಗಡಿ ತಂಟೆ ತೀರುತ್ತದೆ, ತೀರಿದ ಮೇಲೆ ದೊಡ್ಡ ಸೇನೆಯ ಅಗತ್ಯ ಕುಗ್ಗುತ್ತದೆ, ಆಮೇಲೆ ಪ್ರಜಾಪ್ರಭುತ್ವ ಬೇರೂರುತ್ತದೆ. ಅಂದರೆ ಶಾಂತಿಯೇ ಕಾರಣ, ಪ್ರಜಾಪ್ರಭುತ್ವ ಫಲ. 1978ರ ಡಿಸೆಂಬರಿನಲ್ಲಿ ಅರ್ಜೆಂಟೀನಾ ಮತ್ತು ಚಿಲಿ, ಎರಡೂ ಸೇನಾಡಳಿತದಲ್ಲಿದ್ದಾಗ, ಬೀಗಲ್ ಕಾಲುವೆಯ ದ್ವೀಪಗಳಿಗಾಗಿ ಯುದ್ಧದ ಅಂಚಿಗೆ ಹೋಗಿದ್ದವು. 1984ರ ನವೆಂಬರಿನಲ್ಲಿ ಅರ್ಜೆಂಟೀನಾದ ಚುನಾಯಿತ ಅಧ್ಯಕ್ಷ ಅಲ್ಫೊನ್ಸಿನ್ ಒಪ್ಪಂದವನ್ನು ಜನಮತಕ್ಕಿಟ್ಟರು, ಶೇ. 80ಕ್ಕೂ ಹೆಚ್ಚು ಜನ ಒಪ್ಪಿದರು. ಎದುರಿಗೆ ಸಹಿ ಹಾಕಿದ ಚಿಲಿಯಲ್ಲಿ ಆಗ ಇನ್ನೂ ಪಿನೋಶೆ. ಇಲ್ಲಿ ಯಾವುದು ಕೋಳಿ, ಯಾವುದು ಬೆಳಗು ಎಂದು ಹೇಳುವುದು ಸುಲಭವಲ್ಲ.

ಕಡಿವಾಣ ಎಲ್ಲಿ ಕಳಚುತ್ತದೆ ಎಂಬುದು ಅದಕ್ಕಿಂತ ಸ್ಪಷ್ಟ. ಒಂದು, ಗುಪ್ತ ಕಾರ್ಯಾಚರಣೆ. 1953ರಲ್ಲಿ ಇರಾನಿನ ಮೊಸಾದೆಘ್, 1954ರಲ್ಲಿ ಗ್ವಾಟೆಮಾಲಾದ ಆರ್ಬೆನ್ಜ್, ಇಬ್ಬರೂ ಕಾನೂನುಬದ್ಧವಾಗಿ ಅಧಿಕಾರಕ್ಕೆ ಬಂದವರು, ಅಮೆರಿಕದ ಗುಪ್ತಚರ ಸಂಸ್ಥೆಯ ಕೈವಾಡದಿಂದ ಉರುಳಿದರು. ಸಂಸತ್ತಿನ ಮುಂದೆ ಇಡಬೇಕಾಗಿದ್ದರೆ ನಡೆಯುವುದು ಕಷ್ಟವಿತ್ತು, ಆದ್ದರಿಂದಲೇ ಇಡಲಿಲ್ಲ. ಎರಡು, ಎಳೆಯ ಪ್ರಜಾಪ್ರಭುತ್ವ. ಮತ ಕೇಳುವುದು ಶುರುವಾಗಿ, ಸೇನೆ ನ್ಯಾಯಾಲಯ ಪತ್ರಿಕೆಗಳು ಇನ್ನೂ ಗಟ್ಟಿಯಾಗದ ಹೊತ್ತಿನಲ್ಲಿ ದ್ವೇಷ ಮಾರುವುದು ಮತ ಗಳಿಸುವ ಹತ್ತಿರದ ದಾರಿ. ಯುಗೊಸ್ಲಾವಿಯಾದ ಗಣರಾಜ್ಯಗಳಲ್ಲಿ 1990ರಲ್ಲಿ ಬಹುಪಕ್ಷೀಯ ಚುನಾವಣೆ ನಡೆಯಿತು, 1991ರಲ್ಲಿ ಯುದ್ಧ.

ಮೂರು, ಚುನಾಯಿತರ ಹಿಡಿತಕ್ಕೆ ಸಿಗದ ಸೇನೆ. ಇದಕ್ಕೆ ಉದಾಹರಣೆ ಕಾರ್ಗಿಲ್. 1999ರ ಫೆಬ್ರವರಿಯಲ್ಲಿ ವಾಜಪೇಯಿ ಮತ್ತು ನವಾಜ್ ಶರೀಫ್, ಇಬ್ಬರೂ ಚುನಾಯಿತ ಪ್ರಧಾನಿಗಳು, ಲಾಹೋರ್ ಘೋಷಣೆಗೆ ಸಹಿ ಹಾಕಿದರು. ಮೇ ತಿಂಗಳಲ್ಲಿ ಯುದ್ಧ. ಭಾರತದ ಅಧಿಕೃತ ಲೆಕ್ಕದಲ್ಲೇ 527 ಯೋಧರ ಸಾವು. ‘ಎರಡು ಪ್ರಜಾಪ್ರಭುತ್ವಗಳು ಎಂದೂ ಯುದ್ಧ ಮಾಡಿಲ್ಲ’ ಎಂದು ಘಂಟಾಘೋಷವಾಗಿ ಹೇಳುವವರ ಗಂಟಲಿಗೆ ಸಿಕ್ಕಿಕೊಂಡ ಮುಳ್ಳು ಇದು. ತಮಗೆ ತಿಳಿಸಿರಲಿಲ್ಲ ಎಂದು ಶರೀಫ್ ಆಮೇಲೆ ಹೇಳಿದರು, ತಿಳಿಸಿದ್ದೆವು ಎಂದು ಆಗಿನ ಪಾಕಿಸ್ತಾನಿ ಸೇನಾಪತಿ ಮುಷರಫ್. ಯಾರದು ನಿಜವಾದರೂ, ಗಡಿ ದಾಟುವ ಯೋಜನೆ ಸಂಸತ್ತಿಗೆ ಬಂದಿರಲಿಲ್ಲ. ಅಕ್ಟೋಬರ್ 12ರಂದು ಅದೇ ಸೇನಾಪತಿ ಅದೇ ಪ್ರಧಾನಿಯನ್ನು ಇಳಿಸಿದ.

ಹಾಗಾಗಿ ಒಂದು ದೇಶವನ್ನು ನೋಡುವಾಗ ಚುನಾವಣೆ ಇದೆಯೇ ಎಂದು ಕೇಳಿ ನಿಲ್ಲಬೇಡಿ. ಆದೇಶ ಯಾರದು, ಎಷ್ಟು ಗಂಟೆಯೊಳಗೆ ಯಾರಿಗೆ ಲೆಕ್ಕ ಕೊಡಬೇಕು ಎಂದು ಕೇಳಿ. ಜರ್ಮನಿಯಲ್ಲಿ 1994ರ ಸಂವಿಧಾನ ನ್ಯಾಯಾಲಯದ ತೀರ್ಪಿನಂತೆ ಸೇನೆಯನ್ನು ಸಶಸ್ತ್ರ ಕಾರ್ಯಾಚರಣೆಗೆ ಹೊರಗೆ ಕಳಿಸಲು ಸಂಸತ್ತಿನ ಒಪ್ಪಿಗೆ ಬೇಕು. ಅಮೆರಿಕದ 1973ರ ಕಾನೂನಿನಂತೆ ಅಧ್ಯಕ್ಷ 48 ಗಂಟೆಯೊಳಗೆ ಸಂಸತ್ತಿಗೆ ತಿಳಿಸಬೇಕು, ಅನುಮತಿ ಸಿಗದಿದ್ದರೆ 60 ದಿನಗಳೊಳಗೆ ಕಾರ್ಯಾಚರಣೆ ನಿಲ್ಲಿಸಬೇಕು. ಅಧ್ಯಕ್ಷರುಗಳು ಅದರಿಂದ ನುಣುಚಿಕೊಳ್ಳಲು ದಾರಿ ಹುಡುಕುತ್ತಲೇ ಬಂದಿದ್ದಾರೆ. ತುರ್ಕಿಯ ಸಂಸತ್ತಿನಲ್ಲಿ 2003ರ ಮಾರ್ಚ್ 1ರಂದು ಅಮೆರಿಕನ್ ಪಡೆಗಳಿಗೆ ನೆಲ ಕೊಡುವ ನಿರ್ಣಯಕ್ಕೆ 264 ಪರ, 250 ವಿರೋಧ; 19 ಮಂದಿ ತಟಸ್ಥರಾದ ಕಾರಣ ಬಹುಮತ ಸಾಲದೆ ಬಿತ್ತು, ಇರಾಕಿನ ಮೇಲೆ ಉತ್ತರದಿಂದ ನುಗ್ಗುವ ಯೋಜನೆಯೂ ಬಿತ್ತು. ಬ್ರಿಟನ್ನಿನಲ್ಲಿ ಇಂಥ ಕಾನೂನೇ ಇಲ್ಲ, ಇರುವುದು ಸಂಪ್ರದಾಯ. 2013ರ ಆಗಸ್ಟ್ 29ರಂದು ಸಿರಿಯಾ ಮೇಲಿನ ದಾಳಿಯನ್ನು ಸಂಸತ್ತು 285–272 ಮತಗಳಿಂದ ತಡೆಯಿತು, ಸರ್ಕಾರ ತಲೆಬಾಗಿತು. 2018ರ ಏಪ್ರಿಲ್‌ನಲ್ಲಿ ಅದೇ ಸಿರಿಯಾ ಮೇಲೆ ದಾಳಿ ಮಾಡುವಾಗ ಸರ್ಕಾರ ಸಂಸತ್ತನ್ನು ಮೊದಲು ಕೇಳಲೇ ಇಲ್ಲ.