ಬೂಷ್ಟು ಹಿಡಿದ ವಿಸಿಡಿಯಿಂದ ಚಂಡೆಯ ದನಿ ತೆಗೆದದ್ದು

ನಮ್ಮ ಮನೆ ಶಿರಸಿಯಿಂದ ಸ್ವಲ್ಪ ಒಳಗೆ, ತೋಟದ ಮೇಲ್ಗಡೆ. ಮಳೆಗಾಲದಲ್ಲಿ ಇಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ, ಇನ್ನು ಸಿಡಿ ಬಿಟ್ಟೀತಾ? ಈ ಸಲ ಅಟ್ಟ ಗುಡಿಸುವಾಗ 2004ರ ಯಕ್ಷಗಾನ ಆಟದ ಆರು ವಿಸಿಡಿ (ವಿಡಿಯೋ ಇರುವ ಸಿಡಿ) ಸಿಕ್ಕವು. ಊರ ದೇವಸ್ಥಾನದ ಎದುರಿನ ಗದ್ದೆಯಲ್ಲಿ ಬೆಳಗಿನವರೆಗೆ ನಡೆದ ಆಟ ಅದು. ಅಪ್ಪಯ್ಯನಿಗೆ ಚಿತ್ರ ಬೇಡ. ಅಡಿಕೆ ಸುಲಿಯುವಾಗ ಕಣ್ಣು ಕತ್ತಿಯ ಮೇಲಿರಬೇಕು, ಕಿವಿ ಮಾತ್ರ ಖಾಲಿ. ಹಾಗಾಗಿ ಆಡಿಯೋ ಒಂದನ್ನೇ ತೆಗೆಯಲು ಕೂತೆ.

ಮೊದಲು ಡಿಸ್ಕ್ ಒರೆಸಬೇಕು. ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ತಿಕ್ಕಬೇಡಿ. ಸುತ್ತ ಬಿದ್ದ ಗೀರು ಡೇಟಾ ಇರುವ ದಾರಿಯಲ್ಲೇ ಉದ್ದಕ್ಕೆ ಸಾಗುತ್ತದೆ, ಅದನ್ನು ಡ್ರೈವ್ ಸರಿಪಡಿಸಿಕೊಂಡು ಓದುವುದು ಕಷ್ಟ.

ವಿಸಿಡಿಯ ಆಡಿಯೋ ಎಂಪಿ2 (ಎಂಪಿ3ಯಂಥದ್ದೇ ಇನ್ನೊಂದು ಫಾರ್ಮ್ಯಾಟ್), 224 ಕೆಬಿಪಿಎಸ್. ಕೆಬಿಪಿಎಸ್ ಅಂದರೆ ಬಿಟ್‌ರೇಟ್, ಒಂದು ಸೆಕೆಂಡಿನ ದನಿಗೆ ಎಷ್ಟು ಡೇಟಾ ಅನ್ನುವ ಅಳತೆ. ಗಂಟೆಗೆ ಸುಮಾರು 100 ಎಂಬಿ. ಚಿತ್ರವೂ ಸೇರಿದರೆ ಗಂಟೆಗೆ 600 ಎಂಬಿ ದಾಟುತ್ತದೆ. ನಾನು ಬಳಸಿದ್ದು ಎಫ್‌ಎಫ್‌ಎಂಪೆಗ್. ಪುಕ್ಕಟೆ ಸಾಫ್ಟ್‌ವೇರ್, ಹಳೆಯ ಎವಿಐ, ಡಿವಿಡಿಯ ವಿಒಬಿ, ವಿಸಿಡಿಯ ಡಿಎಟಿ, ಈ ಬಗೆಯ ವಿಡಿಯೋ ಫೈಲು ಎಲ್ಲವನ್ನೂ ತೆರೆಯುತ್ತದೆ. ಅದರಲ್ಲಿ ವಿಡಿಯೋ ಬಿಟ್ಟು ಆಡಿಯೋವನ್ನು ಇದ್ದ ಹಾಗೇ ಕಾಪಿ ಮಾಡುವ ದಾರಿ ಇದೆ. ದಯವಿಟ್ಟು ಮೊದಲು ಅದನ್ನೇ ಮಾಡಿ. ದನಿ ಒಂದಿಷ್ಟೂ ಕೆಡುವುದಿಲ್ಲ, ಒಂದು ಡಿಸ್ಕ್ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಆ ಎಂಪಿ2 ಫೈಲನ್ನು ಎರಡು ಕಡೆ ಇಟ್ಟುಕೊಳ್ಳಿ. ಕೇಳಲು ಬೇಕಾದ ಚಿಕ್ಕ ಫೈಲನ್ನು ಯಾವತ್ತೂ ಅದರಿಂದಲೇ ಮಾಡಿ. ಎಂಪಿ2ನಿಂದ ಎಂಪಿ3, ಅದರಿಂದ ಇನ್ನೊಂದು ಅಂತ ಹೋದರೆ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಕಳೆದುಹೋಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ.

ಚಿಕ್ಕ ಫೈಲಿಗೆ ನಾನು ಆರಿಸಿದ್ದು ಓಪಸ್. 2012ರಲ್ಲಿ ಬಂದ ಫಾರ್ಮ್ಯಾಟ್, ವಾಟ್ಸಾಪ್‌ನ ವಾಯ್ಸ್ ಮೆಸೇಜ್ ಇರುವುದೂ ಇದರಲ್ಲೇ. ಮಾತಿಗೆ 32 ಕೆಬಿಪಿಎಸ್ ಸಾಕು ಅಂತ ಗೊತ್ತಿತ್ತು, ಆಟದಲ್ಲಿ ಅರ್ಧ ಮಾತೇ ಅಲ್ವಾ ಅಂತ 32ರಲ್ಲೇ ಮಾಡಿ ಅಪ್ಪಯ್ಯನ ಫೋನಿಗೆ ಹಾಕಿದೆ. ಅರ್ಥಗಾರಿಕೆ, ಅಂದರೆ ಪಾತ್ರಗಳ ಮಾತು, ಚೆನ್ನಾಗಿಯೇ ಇತ್ತು, ಒಂದೊಂದು ಅಕ್ಷರವೂ ಸ್ಪಷ್ಟ. ಆದರೆ ಯುದ್ಧದ ಪದ್ಯ ಬಂದ ಕೂಡಲೇ ಅವರು ಸುಲಿಯುವುದನ್ನು ನಿಲ್ಲಿಸಿದರು. "ತಮಾ, ಚಂಡೆ ತಗಡು ಬಡದಾಂಗೆ ಕೇಳ್ತು" ಅಂದರು.

ನಿಜ. ಚಂಡೆಯ ಪೆಟ್ಟು ಒಂದು ಕ್ಷಣದ್ದು, ಎಲ್ಲ ಸ್ವರವೂ ಒಟ್ಟಿಗೆ ಸಿಡಿಯುತ್ತವೆ. ಕಡಿಮೆ ಬಿಟ್‌ರೇಟ್‌ನಲ್ಲಿ ಅದನ್ನು ಹಿಡಿಯಲು ಜಾಗ ಸಾಲದು, ಪೆಟ್ಟಿನ ಅಂಚು ಮಸುಕಾಗುತ್ತದೆ. ಭಾಗವತರ ತಾಳದ ಕಿಣಿಯೂ ಹಾಗೇ, ಸುಮ್ನೆ ಚರಚರ ಅನ್ನುತ್ತದೆ. ಅದೇ ಐದು ನಿಮಿಷವನ್ನು 48, 64, 96 ಮೂರರಲ್ಲೂ ಮಾಡಿ ಇಯರ್‌ಫೋನ್ ಹಾಕಿ ಇಬ್ಬರೂ ಕೂತು ಕೇಳಿದೆವು. 64ರಲ್ಲಿ ಮದ್ದಳೆ ಸರಿಹೋಯಿತು. 96ರಲ್ಲಿ ಚಂಡೆ ಚಂಡೆಯಾಯಿತು. ಗಂಟೆಗೆ ಸುಮಾರು 43 ಎಂಬಿ, ಮೂಲದ ಅರ್ಧಕ್ಕಿಂತ ಕಡಿಮೆ. ಬರೀ ತಾಳಮದ್ದಳೆಯಾದರೆ (ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ), ಅಲ್ಲಿ ಮಾತೇ ಜಾಸ್ತಿ, 64 ಸಾಕು ಅಂತ ನನ್ನ ಲೆಕ್ಕ.

ಹಿಂದೆ ಸುಯ್ ಅನ್ನುವ ಹಿಸ್ ಶಬ್ದವನ್ನು ಹಾಗೇ ಬಿಟ್ಟೆ. ತೆಗೆದು ನೋಡಿದಾಗ ಅದರ ಜೊತೆ ಜನರ ಗುಜುಗುಜು, ದೂರದಲ್ಲಿ ಚಾ ಅಂಗಡಿಯವನು ಕೂಗಿದ್ದು ಎಲ್ಲ ಹೋಗಿಬಿಟ್ಟಿತ್ತು. ಅದು ನನಗೆ ಬೇಕು.

ಹಳೆಯ ಕಾರಿನ ಸೆಟ್ಟುಗಳಲ್ಲಿ ಓಪಸ್ ಓಡದೆ ಇರಬಹುದು, ಅಂಥವರು ಮೂಲದಿಂದ ಎಂಪಿ3 ಒಂದನ್ನು ಬೇರೆಯೇ ಮಾಡಿಕೊಳ್ಳಿ.

ಆರನೇ ಡಿಸ್ಕ್‌ನ ಕೊನೆಯ ಎಂಟು ನಿಮಿಷ ಇನ್ನೂ ಓದುತ್ತಿಲ್ಲ, ಮಂಗಳ ಪದ್ಯ ಇರುವುದು ಅಲ್ಲೇ. ಅವತ್ತು ಈ ವಿಸಿಡಿ ಊರಲ್ಲಿ ಇನ್ನೂ ಎರಡು ಮನೆಯವರು ತೆಗೆದುಕೊಂಡಿದ್ದರು ಅಂತ ಆಯಿ ಹೇಳಿದಳು. ನಾಳೆ ಹೋಗಿ ಕೇಳಬೇಕು.